ಊರ ಆಟದ ಬಯಲು ಮತ್ತು ಅಧಿಕಾರಿಗಳ ನೆರವು



ಅರಸೀಕೆರೆ ತಾಲ್ಲೂಕಿನ ಜಾವಗಲ್ ಗ್ರಾಮವು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಹಿಂದಿನಿಂದಲೂ ಖ್ಯಾತವಾದುದು. ಈ ಊರಿನ ಹೆಸರನ್ನು ಧರಿಸಿದ ಶ್ರೀ ಜಾವಗಲ್ ಶ್ರೀನಾಥರು ಟೆಸ್ಟ್ ಪಂದ್ಯಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ಟುಗಳನ್ನು ಪಡೆದು 2003ರಲ್ಲಿ ನಿವೃತ್ತರಾಗುವ ವೇಳೆಗೆ ಅದು ದೇಶಾಂತರಗಳಲ್ಲಿಯೂ ಕೇಳಿಬಂದಿತು. ಆದರೆ ಅವರು ಜನಿಸಿದುದು ಮೈಸೂರಿನಲ್ಲಿ. ಆಟ ಕಲಿತ ನೆಲವೂ ಆ ನಗರದ್ದೇ. ಹಳ್ಳಿಯಲ್ಲಿಯೇ ಉಳಿದ ಮಕ್ಕಳಿಗೆ ಆಡುವ ನೆಲವು ಎಲ್ಲಿಂದ ಬರಬೇಕು?

ಅನೇಕರು ಅಧಿಕಾರಿಗಳಿಗೆ ಹಾರ ಹಾಕಿ, ಬಾಯಿಮಾತಿನ ಭರವಸೆ ಪಡೆದು ತೃಪ್ತರಾಗುವರು. ಅಧಿಕಾರಿಗೆ ವರ್ಗವಾದೊಡನೆ ಆ ಮಾತೂ ಅವರೊಡನೆಯೇ ಹೊರಟುಹೋಗುವುದು. ಬರಹದಲ್ಲಿ ನಿಂತುದು ಮಾತ್ರ ಊರಿನಲ್ಲಿ ಉಳಿಯುವುದು.

1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಸೇರಿಸಬೇಕೆಂದು ವಿಧಿಸಿದೆ. ಮೊದಲು ಅಲ್ಲಿ ನಿರ್ಣಯವಾಗಲಿ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಅದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಲಿ. ಬಳಿಕ ನಕ್ಷೆಯೊಡನೆ ಮನವಿಯು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಹೋಗಬೇಕು. 1964ರ ಭೂಕಂದಾಯ ಅಧಿನಿಯಮದ 71ನೆಯ ಕಲಮಿನಂತೆ ಸರ್ಕಾರದ ಖಾಲಿ ಭೂಮಿಯನ್ನು ಸಾರ್ವಜನಿಕ ಉದ್ದೇಶಕ್ಕಾಗಿ ಕಾದಿರಿಸುವ ಅಧಿಕಾರವು ಅವರಿಗುಂಟು.

ಆದರೆ ಅದೇ ಕಲಮು ದನಗಳ ಮೇವಿಗೂ ನೆಲವನ್ನು ಕಾದಿರಿಸುತ್ತದೆ. ಆಟಕ್ಕೆಂದು ಗೋಮಾಳವನ್ನು ಕೇಳುವವರು ಮೊದಲು ದನಕರು ಸಾಕುವವರ ಮಾತನ್ನು ಕೇಳಬೇಕು. ನೂರು ದನಗಳಿಗೆ 12 ಹೆಕ್ಟೇರ್ ಎಂಬ ಲೆಕ್ಕವು ನಿಯಮದಲ್ಲಿಯೇ ಇರುವುದು. ಬಡ ಗೋಪಾಲಕನ ಹುಲ್ಲನ್ನು ಕಸಿದು ಮಕ್ಕಳಿಗೆ ಚೆಂಡು ಕೊಡುವುದು ಧರ್ಮವಲ್ಲ. ಆತನು ತಕರಾರು ಮಾಡಿದರೆ ಕಾರ್ಯವೂ ನಿಲ್ಲುವುದು. ಮೇವಿನ ಪಾಲು ಕಳೆದು ಉಳಿದುದನ್ನೇ ಕೇಳಬೇಕು; ಉಳಿಯದಿದ್ದರೆ ಶಾಲೆಯ ಅಂಗಳವನ್ನೇ ಸಂಜೆಯ ವೇಳೆಗೆ ಬೇಡಬೇಕು.

ಇನ್ನೊಂದು ಮಾತು. ಅಧಿಕಾರಿಗಳು ಸಹಜವಾಗಿ ಕೇಳುವ ಪ್ರಶ್ನೆಯು, “ಮುಂದೆ ಇದನ್ನು ನೋಡಿಕೊಳ್ಳುವವರು ಯಾರು?” ಎಂಬುದು. ಮುಳ್ಳು ಕೀಳುವವರು, ನೀರು ಹಾಯಿಸುವವರು, ಹೆಣ್ಣುಮಕ್ಕಳ ಆಟದ ವೇಳೆಯನ್ನು ಕಾಯ್ದುಕೊಡುವವರು ಯಾರೆಂದು ಮನವಿಯಲ್ಲಿಯೇ ಬರೆದಿರಬೇಕು. ಎಲ್ಲ ಕೇರಿಗಳ ರುಜುಗಳೂ ಅದರಲ್ಲಿರಬೇಕು. ಒಂದು ಕೇರಿಯ ಮಕ್ಕಳು ಬೇಲಿಯ ಹೊರಗೆ ನಿಂತು ನೋಡುವಂತಾದರೆ ಅದು ಊರ ಮೈದಾನವೆನಿಸದು.

ಇಷ್ಟನ್ನು ಊರವರು ಸಿದ್ಧಪಡಿಸಿದಲ್ಲಿ ಅಧಿಕಾರಿಗಳಿಗೆ ಸಹಾಯ ಮಾಡುವುದು ಸುಲಭವಾಗುವುದು. ಮುಂದಿನ ಗ್ರಾಮಸಭೆಯ ದಿನವನ್ನು ತಿಳಿದುಕೊಂಡು, ಮಹಾಜನರು ತಮ್ಮ ಮಕ್ಕಳನ್ನೂ ಜೊತೆಗೆ ಕರೆದೊಯ್ಯಬೇಕೆಂದು ಪ್ರಾರ್ಥನೆ.