ಹಸಿರುಮನೆಯ ಬುಡ ಭದ್ರವಾಗಿರಲಿ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ ಸಸಿಗಳನ್ನು ಬೆಳೆಸಲು ಗುಂಟೆಯಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಕಟ್ಟಿಸುವವರು ಈ ಸಭೆಯಲ್ಲೇ ಹಲವರಿದ್ದೀರಿ. ಹಾಳೆ ಎಷ್ಟು ಮೈಕ್ರಾನ್, ಪೈಪು ಎಷ್ಟು ದಪ್ಪ ಎಂದು ಎಲ್ಲರೂ ವಿಚಾರಿಸುತ್ತಾರೆ. ಗುಂಡಿ ಎಷ್ಟು ಆಳ ಎಂದು ಕೇಳುವವರು ಕಡಿಮೆ. ಆದುದರಿಂದ ಈ ದಿನ ಬುಡದ ವಿಷಯವನ್ನಷ್ಟೇ ಹೇಳುತ್ತೇನೆ.

ವಾಸದ ಮನೆಗೆ ಪಾಯ ಹಾಕುವುದು ಭಾರ ಹೊರುವುದಕ್ಕೆ. ಹಸಿರುಮನೆಗೆ ಹೇಳಿಕೊಳ್ಳುವಂಥ ಭಾರವೇ ಇಲ್ಲ. ಇದರ ಪಾಯ ಇರುವುದು ಮನೆ ಮೇಲೇಳದಂತೆ ಹಿಡಿದಿಡುವುದಕ್ಕೆ. ಬಾಗಿದ ಚಾವಣಿಯ ಮೇಲೆ ಗಾಳಿ ಹಾಯುವಾಗ ಮೇಲ್ಮುಖವಾದ ಸೆಳೆತ ಉಂಟಾಗುತ್ತದೆ. ಗಾಳಿ ಬರುವ ಪಕ್ಕದ ಪರದೆ ತೆರೆದು ಉಳಿದವು ಮುಚ್ಚಿದ್ದರೆ, ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಕಟ್ಟಡಗಳ ವಿನ್ಯಾಸಕ್ಕೆ ಭಾರತೀಯ ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿವೇಗವನ್ನು ಮೂಲವಾಗಿ ಹಿಡಿದಿದೆ. 33 ಮೀಟರ್ ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ ಒತ್ತಡ. ನಿಮ್ಮ ಮನೆ 6 ಮೀಟರ್ ಅಗಲ, 20 ಮೀಟರ್ ಉದ್ದವಿದ್ದು, 2 ಮೀಟರಿಗೊಂದು ಕಮಾನು ಇದ್ದರೆ 11 ಕಮಾನು, 22 ಕಾಲು. ನಡುವಿನ ಒಂದೊಂದು ಕಾಲಿನ ಪಾಲಿಗೆ 6 ಚದರ ಮೀಟರ್ ಚಾವಣಿ. ಮೇಲೆ ಹೇಳಿದ ಒತ್ತಡದ ಅರ್ಧದಷ್ಟೇ ಸೆಳೆತ ಬಿದ್ದರೂ ಪ್ರತಿ ಕಾಲನ್ನು 195 ಕಿಲೋಗ್ರಾಂ ಬಲ ಮೇಲಕ್ಕೆ ಎಳೆಯುತ್ತದೆ. 30 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ದುಂಡು ಗುಂಡಿಯಲ್ಲಿ ಹಿಡಿಯುವ ಕಾಂಕ್ರೀಟು ಸುಮಾರು 100 ಕಿಲೋಗ್ರಾಂ ಮಾತ್ರ. ಉಳಿದುದನ್ನು ಮಣ್ಣೇ ಹಿಡಿಯಬೇಕು.

ಮಣ್ಣು ಹಿಡಿಯುವುದೋ ಬಿಡುವುದೋ ಗುಂಡಿಯ ಆಕಾರದ ಮೇಲೆ ನಿಂತಿದೆ. ಹಾರೆಯಿಂದ ತೋಡಿದ ಗುಂಡಿ ಸಾಮಾನ್ಯವಾಗಿ ಬಾಯಿ ಅಗಲ, ತಳ ಕಿರಿದು ಆಗುತ್ತದೆ. ಅದರೊಳಗಿನ ಕಾಂಕ್ರೀಟು ನೆಲದಿಂದ ಕಿತ್ತ ಮೂಲಂಗಿಯಂತೆ ಸಲೀಸಾಗಿ ಹೊರಬರುತ್ತದೆ. ಉಂಡೆಯ ಸಮೇತ ಎದ್ದು ಬಿದ್ದ ಕಾಲುಗಳನ್ನು ನಾನು ನೋಡಿದ್ದೇನೆ. ಪೈಪಿಗೆ ಒಂದು ಗೀರೂ ಆಗಿರಲಿಲ್ಲ. ಗುಂಡಿಯ ಬಾಯಿ 30 ಸೆಂ.ಮೀ. ಇರಲಿ, ತಳದ 20 ಸೆಂ.ಮೀ. ಭಾಗವನ್ನು ಒಳಗಿನಿಂದ ಕೆರೆದು 45 ಸೆಂ.ಮೀ.ವರೆಗೆ ಅಗಲಿಸಿರಿ. ಆಗ ಕಾಂಕ್ರೀಟು ಏಳಬೇಕಾದರೆ ಮೇಲಿನ ಮಣ್ಣನ್ನೂ ಎತ್ತಿಕೊಂಡೇ ಏಳಬೇಕು. ಇದಕ್ಕೆ ಹೆಚ್ಚಿಗೆ ಬೇಕಾಗುವ ಸಿಮೆಂಟು ಇಡೀ ಮನೆಗೆ ಒಂದೂವರೆ ಚೀಲ. ಒಟ್ಟು ಎಂಟು ಚೀಲದೊಳಗೆ ಕೆಲಸ ಮುಗಿಯುತ್ತದೆ. ಸಾಲ ಮಾಡಿ ಕಟ್ಟಿದ ಮನೆಗೆ ಇಷ್ಟರಲ್ಲಿ ಜಿಪುಣತನ ಬೇಡ.

ಕೆಮ್ಮಣ್ಣಿನಲ್ಲಿ ಇಷ್ಟು ಸಾಕು. ಎರೆಭೂಮಿಯ ರೈತರು ಮಾತ್ರ ವಿಶೇಷ ಗಮನ ಕೊಡಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾಂಕ್ರೀಟಿನ ಸುತ್ತ ಮಣ್ಣು ಸರಿದು ಸಂದು ಬಿಡುತ್ತದೆ. ಬಿರುಗಾಳಿ ಏಳುವುದೂ ಅದೇ ಹೊತ್ತಿನಲ್ಲಿ, ಅಶ್ವಿನಿ ಭರಣಿ ಮಳೆಗಳ ಕಾಲದಲ್ಲಿ! ಆದ್ದರಿಂದ ಅಲ್ಲಿ ಒಂದು ಮೀಟರಿಗೆ ಕಡಿಮೆಯಿಲ್ಲದಂತೆ ತೋಡಬೇಕು. ಗರಸು ಸಿಕ್ಕರೆ ತಳವನ್ನು ಗರಸಿನಲ್ಲೇ ಅಗಲಿಸುವುದು ಉತ್ತಮ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆಭೂಮಿಯ ಕಟ್ಟಡಗಳಿಗಾಗಿ ರೂಪಿಸಿದ, ತಳದಲ್ಲಿ ಉಬ್ಬಿರುವ ಕಂಬದ ಪಾಯಕ್ಕೂ ಇದೇ ತತ್ವ ಆಧಾರ.

ಗುಂಡಿಗೆ ಗುರುತು ಹಾಕುವಾಗ ಮೂಲೆಗಳನ್ನು ಕಣ್ಣಳತೆಗೆ ಬಿಡಕೂಡದು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರೆ ನಾನು ಹೇಳಿದ ಮನೆಗೆ 20 ಮೀಟರ್ 88 ಸೆಂ.ಮೀ. ಬರಬೇಕು. ಹೂಳುವ ಪೈಪಿನ ಕೆಳತುದಿಯಲ್ಲಿ ರಂಧ್ರ ಕೊರೆದು ಒಂದು ಗೇಣು ಕಬ್ಬಿಣದ ಸರಳನ್ನು ಅಡ್ಡಲಾಗಿ ತೂರಿಸಿರಿ. ಇಲ್ಲವಾದರೆ ನುಣುಪಾದ ಪೈಪು ಕಾಂಕ್ರೀಟನ್ನು ಬಿಟ್ಟು ಜಾರೀತು. ಸಿಮೆಂಟು, ಮರಳು, ಜಲ್ಲಿ 1:2:4 ಇರಲಿ. ನೀರು ಜಾಸ್ತಿ ಹಾಕಿ ಅಂಬಲಿ ಮಾಡುವ ಗಾರೆಯವರನ್ನು ಅಲ್ಲೇ ತಡೆಯಿರಿ. ತೂಗುಗುಂಡು ಹಿಡಿದು ಪೈಪನ್ನು ನೆಟ್ಟಗೆ ನಿಲ್ಲಿಸಿ, ಕಾಂಕ್ರೀಟಿನ ತಲೆಯನ್ನು ನೆಲಮಟ್ಟದಿಂದ ನಾಲ್ಕು ಬೆರಳು ಎತ್ತರಿಸಿ ಹೊರಕ್ಕೆ ಇಳಿಜಾರು ಕೊಟ್ಟರೆ ಪೈಪಿನ ಬುಡದಲ್ಲಿ ನೀರು ನಿಲ್ಲುವುದಿಲ್ಲ. ತುಕ್ಕು ಮೊದಲು ಹಿಡಿಯುವ ಜಾಗ ಅದೇ. ಒದ್ದೆ ಗೋಣಿ ಹೊದಿಸಿ ಕನಿಷ್ಠ ಒಂದು ವಾರ ನೀರುಣಿಸಿದ ಮೇಲೆಯೇ ಹಾಳೆ ಎಳೆಯತಕ್ಕದ್ದು. ಮಳೆನೀರಿನ ಕಾಲುವೆಯನ್ನು ಕಾಲುಗಳಿಗೆ ಒತ್ತಿಕೊಂಡು ತೆಗೆಯಬೇಡಿ, ಮೂರಡಿ ದೂರವಿರಲಿ.

ಆಗಲೇ ಕಟ್ಟಿಬಿಟ್ಟಿದ್ದೇವೆ, ಗುಂಡಿ ಆಳವಿಲ್ಲ, ಏನು ಮಾಡುವುದು ಎಂದು ಕೆಲವರು ಕೇಳುತ್ತಾರೆ. ಬೇಲಿಗೆ ಬಳಸುವ ಕಲ್ಲುಕಂಬದ ಮೂರಡಿ ತುಂಡುಗಳು ಸಿಗುತ್ತವಲ್ಲವೇ? ನಾಲ್ಕು ಮೂಲೆಗಳ ಹೊರಗೆ, ಉದ್ದನೆಯ ಪಕ್ಕಗಳಲ್ಲಿ ಒಂದು ಕಮಾನು ಬಿಟ್ಟು ಒಂದಕ್ಕೆ, ಇವನ್ನು ಒಂದು ಮೀಟರ್ ಆಳದಲ್ಲಿ ಅಡ್ಡಲಾಗಿ ಮಲಗಿಸಿ, ನಡುವಿಗೆ ಉಕ್ಕಿನ ತಂತಿಹಗ್ಗ ಸುತ್ತಿ ಮೇಲೆ ತಂದು, ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಚಿರಿ. ಹಗ್ಗದ ತುದಿಯನ್ನು ಕಮಾನಿನ ಭುಜಕ್ಕೆ ಬಿಗಿಯುವ ಕೊಕ್ಕೆಯಿಂದ ಕಟ್ಟಿರಿ. ಹಗ್ಗ ಸಡಿಲವಾಗಿದೆಯೇ ಎಂದು ಮಾರ್ಚ್ ಮುಗಿಯುವುದರೊಳಗೆ ಒಂದು ಸಾರಿ ನೋಡಿ ಬಿಗಿದುಕೊಂಡರಾಯಿತು.