ಟಿಕೆಟ್ಟಿಲ್ಲದ ಆಟಕ್ಕೆ ಹಣ ಯಾರದು?



ಬೀದರ್ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ತಾಲ್ಲೂಕನ್ನು ಹಾಯ್ದು, ಸಸ್ತಾಪುರ ಬಂಗ್ಲಾದ ಲಾರಿ ಗ್ಯಾರೇಜುಗಳನ್ನು ದಾಟಿ ಹುಮನಾಬಾದಿಗೆ ಬರುತ್ತದೆ. ಬೀದರಿನಿಂದ ಕಲಬುರಗಿ, ವಿಜಯಪುರಗಳ ಕಡೆಗೆ ಇಳಿಯುವ ಹೆದ್ದಾರಿ 50 ಅದನ್ನು ಕೂಡುವುದು ಹುಮನಾಬಾದಿನಲ್ಲಿಯೇ. ಇವತ್ತಿನ ನಮ್ಮ ಮಾತಿಗೆ ಈ ಎರಡು ದಾರಿಗಳೂ ಬೇಕು. ಮೊದಲನೆಯ ದಾರಿಯ ಪಶ್ಚಿಮದ ತುದಿಯಲ್ಲಿ, ಪುಣೆಯಲ್ಲಿ, 2026ರ ಜನವರಿಯಲ್ಲಿ ಒಂದು ಹೊಸ ಸೈಕಲ್ ಪಂದ್ಯ ನಡೆಯಿತು. ಎರಡನೆಯ ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ವಿಜಯಪುರ, ಬಾಗಲಕೋಟೆಗಳು ಕರ್ನಾಟಕದ ಸೈಕಲ್ ಪಟುಗಳ ತವರು. ಇಂಥ ಪಂದ್ಯ ನಮ್ಮ ಕಡೆಗೂ ಎಂದು ಬಂದೀತು ಎಂದು ಕಾಯುವವರು ಅಲ್ಲಿ ಇದ್ದಾರೆ. ಕಾಯುವುದು ತಪ್ಪಲ್ಲ. ಆದರೆ ಪಂದ್ಯ ಬರುವಾಗ ಒಂಟಿಯಾಗಿ ಬರುವುದಿಲ್ಲ. ಹಣ ಕೊಟ್ಟವರ ಹೆಸರನ್ನು ಎದೆಯ ಮೇಲೆ ಬರೆಸಿಕೊಂಡೇ ಬರುತ್ತದೆ.

ಮೊದಲು ಪುಣೆಯ ಪಂದ್ಯವನ್ನು ನೋಡೋಣ. ಅದರ ಹೆಸರು ಪುಣೆ ಗ್ರ್ಯಾಂಡ್ ಟೂರ್. ಜನವರಿ 19ರಿಂದ 23ರವರೆಗೆ ನಡೆದ ಈ ಪಂದ್ಯದ ಒಟ್ಟು ದೂರ 437 ಕಿಲೋಮೀಟರು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪಟ್ಟಿಯಲ್ಲಿ ಅದಕ್ಕೆ 2.2 ಎಂಬ ದರ್ಜೆ. ಮೊದಲ 2 ಎಂದರೆ ಹಲವು ದಿನಗಳ, ಹಲವು ಹಂತಗಳ ಪಂದ್ಯ ಎಂದು ಅರ್ಥ. ಚುಕ್ಕೆಯ ನಂತರದ 2 ಅದರ ಮಟ್ಟವನ್ನು ಹೇಳುತ್ತದೆ. ಅಲ್ಲಿ 1 ಇದ್ದರೆ ಇನ್ನೂ ಮೇಲಿನ ಮಟ್ಟ. ಈ ದರ್ಜೆಯ ಹಂತಗಳ ಪಂದ್ಯ ಭಾರತದಲ್ಲಿ ನಡೆದದ್ದು ಅದೇ ಮೊದಲು. ಪಂದ್ಯಕ್ಕೆ ಮುನ್ನ ಅದು ಸಾಗುವ ರಸ್ತೆಗಳಿಗೆ ಹೊಸ ಡಾಂಬರು ಬಿತ್ತು. ಪಂದ್ಯದ ಹೆಸರಿನ ಮುಂದೆ ‘ಬಜಾಜ್’ ಎಂಬ ಹೆಸರು ಸೇರಿತು. ಸ್ಕೂಟರು, ಆಟೊರಿಕ್ಷಾಗಳ ಮೂಲಕ ನಮಗೆಲ್ಲ ಗೊತ್ತಿರುವ ಹೆಸರು ಅದು. ಈಗ ಪೆಟ್ರೋಲು ಬೇಡದ ವಾಹನದ ಪಂದ್ಯದ ನೆತ್ತಿಯ ಮೇಲೂ ಬಂದು ಕುಳಿತಿತು.

ಹಂತಗಳ ಪಂದ್ಯದ ಸೊಗಸನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರತಿದಿನ ಒಬ್ಬ ಗೆಲ್ಲುತ್ತಾನೆ. ಆದರೆ ಎಲ್ಲ ದಿನಗಳ ವೇಳೆಯನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಕೊನೆಯ ವಿಜೇತ. ಒಂದು ದಿನವೂ ಮೊದಲು ಬಾರದವನು ಇಡೀ ಪಂದ್ಯವನ್ನು ಗೆದ್ದ ಉದಾಹರಣೆಗಳಿವೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ತುಳಿದರೆ ಗಾಳಿಯ ತಡೆ ಕಡಿಮೆಯಾಗಿ ಶಕ್ತಿ ಉಳಿಯುತ್ತದೆ. ಆದ್ದರಿಂದ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡಿ, ನೀರಿನ ಬಾಟಲಿ ಹೊತ್ತು ತಂದು, ಕೊನೆಗೆ ಹಿಂದೆ ಉಳಿಯುವವರೂ ತಂಡದಲ್ಲಿ ಇರುತ್ತಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವರ ಅಂಗಿಯ ಮೇಲಿನ ಕಂಪನಿಯ ಹೆಸರು ಮಾತ್ರ ಚಿತ್ರದಲ್ಲಿ ಬರುತ್ತದೆ.

ಈಗ ಹಣದ ಮಾತು. ಕ್ರಿಕೆಟ್ಟಿಗೆ ಕ್ರೀಡಾಂಗಣವಿದೆ, ಬಾಗಿಲಿದೆ, ಬಾಗಿಲಲ್ಲಿ ಟಿಕೆಟ್ಟಿದೆ. ಸೈಕಲ್ ಪಂದ್ಯಕ್ಕೆ ರಸ್ತೆಯೇ ಕ್ರೀಡಾಂಗಣ. ಹೊಲದ ಬದುವಿನ ಮೇಲೆ ನಿಂತು ನೋಡುವವನಿಗೆ ಯಾರು ಟಿಕೆಟ್ ಹರಿದು ಕೊಡುತ್ತಾರೆ? ಆದರೆ ಖರ್ಚು ತಪ್ಪಿದ್ದಲ್ಲ. ಪೊಲೀಸರು ಬೇಕು, ಆಂಬುಲೆನ್ಸು ಬೇಕು, ನೂರಾರು ಜನರಿಗೆ ಊಟ ವಸತಿ ಬೇಕು, ಟೆಲಿವಿಷನ್‌ನಲ್ಲಿ ತೋರಿಸಲು ಮೋಟಾರ್ ಸೈಕಲ್ಲೂ ಹೆಲಿಕಾಪ್ಟರೂ ಬೇಕು. ನೋಡುವವರಿಂದ ಹುಟ್ಟದ ಹಣ ಎರಡೇ ಕಡೆಯಿಂದ ಬರಬೇಕು: ಸರಕಾರದ ಬೊಕ್ಕಸದಿಂದ ಅಥವಾ ತನ್ನ ಹೆಸರು ಜನರ ಕಣ್ಣಿಗೆ ಬೀಳಬೇಕೆಂದು ಬಯಸುವ ಕಂಪನಿಯಿಂದ. ಸೈಕಲ್ ಪಂದ್ಯದಲ್ಲಿ ಪ್ರಾಯೋಜಕನ ಜಗಳ ಬೇರೆ ಆಟಗಳಿಗಿಂತ ಜೋರಾಗಿರುವುದಕ್ಕೆ ಮೂಲ ಕಾರಣ ಇದು. ಇಲ್ಲಿ ತಂಡಕ್ಕೆ ಊರಿನ ಹೆಸರೂ ಇರುವುದಿಲ್ಲ. ಕಂಪನಿಯ ಹೆಸರೇ ತಂಡದ ಹೆಸರು. ಕಂಪನಿ ಬದಲಾದರೆ ತಂಡದ ಹೆಸರೂ ಬದಲು.

ಜಗತ್ತಿನ ಅತಿ ಪ್ರಸಿದ್ಧ ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್ ಹುಟ್ಟಿದ್ದೇ ಜಾಹೀರಾತಿನ ಹೊಟ್ಟೆಯಿಂದ. ಪ್ಯಾರಿಸ್ಸಿನಲ್ಲಿ ‘ಲ ವೆಲೊ’ ಎಂಬ ಕ್ರೀಡಾಪತ್ರಿಕೆ ಇತ್ತು. ಅದರ ಸಂಪಾದಕನ ರಾಜಕೀಯ ನಿಲುವು ಹಿಡಿಸದ ಕೆಲವು ಉದ್ಯಮಿಗಳು 1900ರಲ್ಲಿ ಎದುರು ಪತ್ರಿಕೆಯೊಂದನ್ನು ಹೊರಡಿಸಿದರು. ಅದೇ ‘ಲೋತೊ’. ಅದರ ಸಂಪಾದಕ ಆಂರಿ ದೆಗ್ರಾಂಜ್. ಪತ್ರಿಕೆ ಸಾಕಷ್ಟು ಮಾರಾಟವಾಗುತ್ತಿರಲಿಲ್ಲ. ಇಡೀ ದೇಶವನ್ನು ಸುತ್ತುವ ಪಂದ್ಯ ಇಟ್ಟರೆ ಜನ ಸುದ್ದಿಗಾಗಿ ಪತ್ರಿಕೆ ಕೊಳ್ಳುತ್ತಾರೆಂದು ಕಿರಿಯ ಸಹೋದ್ಯೋಗಿಯೊಬ್ಬ ಸಲಹೆ ಮಾಡಿದ. 1903ರ ಜನವರಿಯಲ್ಲಿ ಪಂದ್ಯದ ಘೋಷಣೆಯಾಯಿತು. ಘೋಷಣೆಯೇನೋ ಭರ್ಜರಿ, ಹೆಸರು ಕೊಟ್ಟವರು ಮಾತ್ರ ಬೆರಳೆಣಿಕೆ! ದೆಗ್ರಾಂಜ್ ಪಂದ್ಯವನ್ನು ಜುಲೈಗೆ ಮುಂದೂಡಿದ, ಪ್ರವೇಶ ಶುಲ್ಕ ಇಳಿಸಿದ, ದಿನಭತ್ಯೆ ಕೊಡುವುದಾಗಿ ಹೇಳಿದ. ಆಗ 60 ಮಂದಿ ಹೊರಟರು. 2428 ಕಿಲೋಮೀಟರು, ಬರಿಯ ಆರು ಹಂತ. ಎಂದರೆ ಒಂದೊಂದು ಹಂತಕ್ಕೆ ಸರಾಸರಿ 400 ಕಿಲೋಮೀಟರು, ರಾತ್ರಿಯೂ ತುಳಿಯಬೇಕು. ಮುಟ್ಟಿದವರು 21 ಮಂದಿ. ಗೆದ್ದವನು ಮೋರಿಸ್ ಗಾರಾಂ. ಪತ್ರಿಕೆಯ ಮಾರಾಟ ದುಪ್ಪಟ್ಟು ಮೀರಿ ಏರಿತು. ಎದುರಾಳಿ ಪತ್ರಿಕೆ ಮುಂದಿನ ವರ್ಷ ಮುಚ್ಚಿತು.

ಮುಂದಾಳು ತೊಡುವ ಹಳದಿ ಅಂಗಿ 1919ರಲ್ಲಿ ಬಂತು. ‘ಲೋತೊ’ ಅಚ್ಚಾಗುತ್ತಿದ್ದುದು ಹಳದಿ ಕಾಗದದ ಮೇಲೆ. ಇಟಲಿಯ ಪಂದ್ಯದಲ್ಲಿ ಮುಂದಾಳಿಗೆ ಗುಲಾಬಿ ಅಂಗಿ. ಅದನ್ನು ನಡೆಸಿದ ಪತ್ರಿಕೆಯ ಕಾಗದ ಗುಲಾಬಿ. ನಾವು ಕೀರ್ತಿಯ ಬಣ್ಣವೆಂದು ನೋಡುವುದು ಮೂಲದಲ್ಲಿ ಪ್ರಾಯೋಜಕನ ಬಣ್ಣ. 1930ರಲ್ಲಿ ದೆಗ್ರಾಂಜ್‌ಗೆ ಸೈಕಲ್ ಕಂಪನಿಗಳ ಕಾಟ ಸಾಕಾಯಿತು. ಅವುಗಳ ತಂಡಗಳನ್ನು ತೆಗೆದು ದೇಶಗಳ ತಂಡಗಳನ್ನು ಮಾಡಿದ. ಹಾಗಾದರೆ ಖರ್ಚು? ಪಂದ್ಯದ ಮುಂದೆ ಜಾಹೀರಾತು ಗಾಡಿಗಳ ಮೆರವಣಿಗೆ ಬಿಟ್ಟ. ಚಾಕೊಲೇಟ್ ಕಂಪನಿಯೊಂದು ದಾರಿಯುದ್ದಕ್ಕೂ ಚಾಕೊಲೇಟ್ ಹಂಚಿತು. ಮುಂದಿನ ಬಾಗಿಲಿನಿಂದ ಹೋದ ಹಣ ಹಿತ್ತಿಲಿನಿಂದ ಬಂತು.

ಸೈಕಲ್ಲಿಗೆ ಸಂಬಂಧವಿಲ್ಲದ ಕಂಪನಿಗಳು ಒಳಗೆ ಬರಬಹುದೇ ಎಂಬುದು ಆಮೇಲಿನ ದೊಡ್ಡ ಜಗಳ. 1954ರಲ್ಲಿ ಇಟಲಿಯ ಫಿಯೊರೆಂಜೊ ಮಾಞಿ ನಿವಿಯಾ ಕ್ರೀಮಿನ ಹೆಸರನ್ನು ಅಂಗಿಗೆ ಹಾಕಿಸಿಕೊಂಡ. ಫ್ರಾನ್ಸಿನ ರಫಾಯಲ್ ಜೆಮಿನಿಯಾನಿ ‘ಸಾಂ ರಫಾಯಲ್’ ಎಂಬ ಮದ್ಯದ ಹೆಸರು ಹಾಕಿಕೊಂಡು ಬಂದ. ಅಧಿಕಾರಿಗಳು ಆಕ್ಷೇಪಿಸಿದಾಗ, ಅದು ಮದ್ಯದ ಹೆಸರಲ್ಲ, ತನ್ನದೇ ಹೆಸರು ಎಂದು ವಾದಿಸಿದ! ಅವನ ಜಾಣತನಕ್ಕೆ ನಗಬಹುದು. ಆದರೆ ಸೈಕಲ್ ಕಾರ್ಖಾನೆಗಳು ಬಡವಾಗುತ್ತಿದ್ದ ಕಾಲ ಅದು; ಹೊರಗಿನ ಹಣ ಬಾರದಿದ್ದರೆ ಎಷ್ಟೋ ಪಟುಗಳ ಸಂಬಳ ನಿಲ್ಲುತ್ತಿತ್ತು ಎಂಬುದೂ ನಿಜ.

ಹಣ ಕೊಟ್ಟು ಹೆಸರು ಬರೆಸುವುದು ಕಲ್ಯಾಣದ ಸೀಮೆಗೆ ಹೊಸದೇನಲ್ಲ. ಚಾಲುಕ್ಯರ ಕಾಲದ ದತ್ತಿಶಾಸನಗಳನ್ನು ನಿಮ್ಮ ಇತಿಹಾಸದ ಮೇಷ್ಟ್ರು ತೋರಿಸಿರಬಹುದು. ಯಾರು ಕೊಟ್ಟರು, ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಯಾವ ಕೆಲಸಕ್ಕೆ ಎಂಬುದೆಲ್ಲ ಕಲ್ಲಿನ ಮೇಲೆ ಇರುತ್ತದೆ. ಅಳಿಸಿದವರಿಗೆ ಶಾಪವೂ ಇರುತ್ತದೆ. ಹುಮನಾಬಾದಿನ ಹತ್ತಿರದ ಜಲಸಂಗ್ವಿಯ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನೇ ಬರೆಯುತ್ತ ನಿಂತಿದ್ದಾಳೆ. ಇದೂ ಹೆಸರಿನ ಆಸೆಯೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ದತ್ತಿಯ ಷರತ್ತು ಎಲ್ಲರೂ ಓಡಾಡುವ ಜಾಗದಲ್ಲಿ ನಿಂತಿತ್ತು. ಇಂದಿನ ಪ್ರಾಯೋಜಕನ ಹೆಸರು ಮಾತ್ರ ಫಲಕದ ಮೇಲೆ, ಷರತ್ತು ಕಡತದೊಳಗೆ. ನನಗೆ ತೋರುವಂತೆ ವಿವಾದದ ಬೇರು ಇರುವುದು ಹೆಸರಿನಲ್ಲಿ ಅಲ್ಲ, ಕಾಣದ ಈ ಷರತ್ತಿನಲ್ಲಿ.

ಇತ್ತೀಚಿನ ಪ್ರಸಂಗಗಳನ್ನು ನೋಡಿ. ಇಂಗ್ಲೆಂಡಿನ ಒಂದು ತಂಡ 2018ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬೇಡಿ ಎಂದು ಸಾರಲು ತಿಮಿಂಗಿಲದ ಚಿತ್ರವಿದ್ದ ಅಂಗಿ ತೊಟ್ಟಿತು. 2019ರಲ್ಲಿ ಅದೇ ತಂಡಕ್ಕೆ ಹೊಸ ಒಡೆಯ ಬಂದ: ಪ್ಲಾಸ್ಟಿಕ್ಕಿನ ಕಚ್ಚಾವಸ್ತು ತಯಾರಿಸುವ ಇನಿಯೋಸ್ ಕಂಪನಿ. ಯಾರ್ಕ್‌ಷೈರಿನ ಪಂದ್ಯದಲ್ಲಿ ತಂಡ ಹೊಸ ಹೆಸರಿನಿಂದ ಕಾಣಿಸಿಕೊಂಡಾಗ ಜನ ಪ್ರತಿಭಟಿಸಿದರು. ಅಂಗಿ ತೊಟ್ಟ ಹುಡುಗರನ್ನು ಯಾರು ಕೇಳಿದ್ದರು?

ಸರಕಾರದ ಹಣವಾದರೆ ಕೊಳೆ ಅಂಟುವುದಿಲ್ಲವೆಂದು ತಿಳಿಯಬೇಡಿ. ಅಮೆರಿಕದ ಅಂಚೆ ಇಲಾಖೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ತಂಡಕ್ಕೆ ಮೂರು ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟಿತ್ತು. ಮದ್ದು ಸೇವಿಸಿದ್ದು ಬಯಲಾಗಿ 2012ರಲ್ಲಿ ಅವನ ಏಳು ಟೂರ್ ಪ್ರಶಸ್ತಿಗಳೂ ರದ್ದಾದವು. ಸರಕಾರ ಮೊಕದ್ದಮೆ ಹೂಡಿ, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಕೊಟ್ಟಿದ್ದೆಷ್ಟು, ಮರಳಿದ್ದೆಷ್ಟು ಎಂಬ ಲೆಕ್ಕವನ್ನು ನೀವೇ ಮಾಡಿ. 2025ರ ಸ್ಪೇನ್ ಪಂದ್ಯದಲ್ಲಿ ‘ಇಸ್ರೇಲ್’ ಎಂಬ ಹೆಸರು ಹೊತ್ತ ತಂಡದ ವಿರುದ್ಧ ಗಾಜಾ ಯುದ್ಧದ ಕಾರಣದಿಂದ ಜನ ರಸ್ತೆಗಿಳಿದರು. ಸೆಪ್ಟೆಂಬರ್ 14ರಂದು ಮ್ಯಾಡ್ರಿಡ್ಡಿನ ಕೊನೆಯ ಹಂತ ಅರ್ಧಕ್ಕೇ ನಿಂತಿತು. ಮುಂದೆ ಆ ತಂಡ ಹೆಸರನ್ನೇ ಬದಲಿಸಿಕೊಂಡಿತು. ಗೋಡೆಯಿರುವ ಕ್ರೀಡಾಂಗಣದಲ್ಲಿ ಪ್ರತಿಭಟನೆಯನ್ನು ಬಾಗಿಲಾಚೆ ಇಡಬಹುದು; ರಸ್ತೆಗೆ ಬಾಗಿಲು ಎಲ್ಲಿದೆ?

ನಮ್ಮಲ್ಲೂ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ವಿಲ್ಸ್ ಸಿಗರೇಟಿನ ಹೆಸರು ಇದ್ದ ಕಾಲವಿತ್ತು. ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು. ಕ್ರೀಡೆಗೆ ತಂಬಾಕು ಕಂಪನಿಗಳ ಪ್ರಾಯೋಜಕತ್ವವನ್ನು 2003ರ ಕಾಯಿದೆ ನಿಷೇಧಿಸಿತು. ಕ್ರಿಕೆಟ್ಟೇನೂ ಬಡವಾಗಲಿಲ್ಲ. ಆದರೆ ಇದನ್ನೇ ಸೈಕಲ್ಲಿಗೆ ಹೇಳಿ ಸುಮ್ಮನಿರಲಾಗದು. ಕ್ರಿಕೆಟ್ಟಿನ ಬಾಗಿಲಲ್ಲಿ ಹಣ ಕೊಡುವವರ ಸಾಲು ಇರುತ್ತದೆ, ಸೈಕಲ್ಲಿನ ಬಾಗಿಲಲ್ಲಿ ಇರುವುದಿಲ್ಲ.

ಇಲ್ಲಿ ವಿಜಯಪುರದ ದಾರಿಗೆ ತಿರುಗಬೇಕು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿನಿಲಯಗಳಲ್ಲಿ, ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯಲ್ಲಿ ಹಳ್ಳಿಯ ಮಕ್ಕಳು ಬೆಳಗಿನ ಜಾವಕ್ಕೆ ಎದ್ದು ಹೆದ್ದಾರಿಯ ಅಂಚಿನಲ್ಲಿ ತುಳಿಯುತ್ತಾರೆ. ಹೆಚ್ಚಿನವರು ಒಕ್ಕಲುತನದ ಮನೆಯವರು. ಅಂತಾರಾಷ್ಟ್ರೀಯ ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಬಾರದೆಂದು ನಿಯಮವಿದೆ. 2006-07ರಲ್ಲಿ ಶುರುವಾದ ಯೋಜನೆಯಂತೆ ನಮ್ಮ ರಾಜ್ಯದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲು ಹಳೆಯದೊಂದು ನಿಮ್ಮ ಮನೆಯಲ್ಲಿದ್ದರೆ ಒಂದು ಕೈಯಲ್ಲಿ ಎತ್ತಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಆ ಹಗುರಕ್ಕೆ ಬೆಲೆ ಲಕ್ಷಗಳಲ್ಲಿ. ಒಂದು ಜೊತೆ ಎತ್ತಿಗೆ ಕೊಡುವುದಕ್ಕಿಂತ ಹೆಚ್ಚು ಹಣವನ್ನು ಒಂದು ಸೈಕಲ್ಲಿಗೆ ಯಾವ ಒಕ್ಕಲಿಗ ತಂದೆ ಕೊಟ್ಟಾನು? ಇಂಥ ಹುಡುಗನಿಗೆ ಪ್ರಾಯೋಜಕ ಬೇಡ ಎಂದು ಹೇಳುವ ಹಕ್ಕು ಟಿವಿ ಮುಂದೆ ಕುಳಿತ ನಮಗೆ ಇಲ್ಲ. ರೈಲ್ವೆಯ ನೌಕರಿಯೊಂದು ಸಿಕ್ಕರೆ ಸಾಕೆಂದು ತುಳಿಯುವವರೇ ಅವರಲ್ಲಿ ಬಹಳ.

ಹಾಗೆಂದು ಬಂದದ್ದೆಲ್ಲ ಬರಲಿ ಎನ್ನಬೇಕೇ? ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದ ಕಥೆ ನಿಮಗೆ ಗೊತ್ತು. ಲಕ್ಕಮ್ಮ ಅಕ್ಕಿಯೇ ಬೇಡ ಎನ್ನಲಿಲ್ಲ. ಎಷ್ಟು, ಯಾವ ಭಾವದಿಂದ ಎಂದು ಕೇಳಿದಳು. ಮಕ್ಕಳು ನೋಡುವ ಪಂದ್ಯಕ್ಕೆ ಜೂಜಿನ ಹಣ, ತಂಬಾಕಿನ ಹಣ ಬೇಡ ಎನ್ನುವುದು ಸುಲಭದ ಪ್ರಶ್ನೆ. ಹೊಸ ಡಾಂಬರು ಪಂದ್ಯ ಸಾಗುವ ದಾರಿಗೆ ಮಾತ್ರವೋ, ಶಾಲೆಗೆ ಹೋಗುವ ದಾರಿಗೂ ಉಂಟೋ? ಕಬ್ಬಿನ ಹಂಗಾಮಿನಲ್ಲಿ ಹೆದ್ದಾರಿ ಮುಚ್ಚಿದರೆ ಟ್ರ್ಯಾಕ್ಟರುಗಳು ಎಲ್ಲಿ ನಿಲ್ಲಬೇಕು? ಕಷ್ಟದ ಪ್ರಶ್ನೆಗಳು ಇವು. ಇವನ್ನು ಪಂದ್ಯದ ದಿನ ಕೇಳಿದರೆ ಉಪಯೋಗವಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಕೇಳಬೇಕು.

ಯಾರ್ಕ್‌ಷೈರಿನ ಪಂದ್ಯದ ಹೆಸರು ಆಗಲೇ ಬಂತಲ್ಲ. ಅದು 2015ರಲ್ಲಿ ಶುರುವಾಯಿತು. ಲಕ್ಷಗಟ್ಟಲೆ ಜನ ರಸ್ತೆಬದಿ ನಿಂತು ನೋಡಿದರು, ಊರೂರಿನ ಬೀದಿಗಳಲ್ಲಿ ಬಣ್ಣದ ಸೈಕಲ್ಲುಗಳನ್ನು ತೂಗುಹಾಕಿದರು. 2019ರ ನಂತರ ಅದು ನಡೆಯಲೇ ಇಲ್ಲ. ಮೊದಲು ಕೊರೊನಾ ಬಂತು. ಆಮೇಲೆ ಅದನ್ನು ನಡೆಸುತ್ತಿದ್ದ ಪ್ರವಾಸೋದ್ಯಮ ಸಂಸ್ಥೆಯೇ 2022ರಲ್ಲಿ ಹಣವಿಲ್ಲದೆ ಮುಚ್ಚಿತು. ಐದೇ ಆವೃತ್ತಿ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೊದಲ ಪಂದ್ಯವನ್ನು ನೋಡಿ ತಾನೂ ತುಳಿಯುತ್ತೇನೆಂದು ಹೊರಟಿದ್ದರೆ, ಅವಳು ತಯಾರಾಗುವ ಹೊತ್ತಿಗೆ ಪಂದ್ಯವೇ ಇರಲಿಲ್ಲ. ಹುಮನಾಬಾದಿನ ನಾಲ್ಕು ದಾರಿ ಕೂಡುವಲ್ಲಿ ಮುಂದೆಂದಾದರೂ ಇಂಥ ಪಂದ್ಯದ ಫಲಕ ಎದ್ದರೆ, ಕಂಪನಿಯ ಹೆಸರನ್ನು ಓದಿದ ಮೇಲೆ ಇನ್ನೊಂದು ಮಾತನ್ನೂ ವಿಚಾರಿಸಿ: ಒಪ್ಪಂದ ಎಷ್ಟು ವರ್ಷದ್ದು?