ಮುಂದಾಳು ಯಾರ ಮಾತು ಕೇಳಬೇಕು?

(ಅಂಬಿಕಾನಗರದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತೇವೆ. ಕೊರತೆ ಏನೆಂದು ಪರೀಕ್ಷಿಸಿದವರು ತಿಳಿಸುತ್ತಾರೆ; ಗೊಬ್ಬರ ಹಾಕುವ ಹೊಣೆ ನಮ್ಮದೇ. ರಾಜಕೀಯ ಮುಂದಾಳುಗಳಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಜಿಲ್ಲೆಯ ಸಿದ್ದಾಪುರ ತಾಲೂಕಿನವರಾದ ರಾಮಕೃಷ್ಣ ಹೆಗಡೆಯವರನ್ನು ನೆನೆಯಿರಿ. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಅವರ ಪಕ್ಷಕ್ಕೆ ದೊರೆತದ್ದು 4. ಮುಖ್ಯಮಂತ್ರಿ ಪದವಿ ಬಿಡಬೇಕೆಂದು ಕಾನೂನು ಹೇಳಿರಲಿಲ್ಲ. ಆದರೂ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ವಿಧಾನಸಭಾ ಚುನಾವಣೆಯಲ್ಲಿ ಜನರು 139 ಸ್ಥಾನ ಕೊಟ್ಟರು.

1986ರಲ್ಲಿ ಸಾರಾಯಿ ಬಾಟ್ಲಿ ತುಂಬುವ ಗುತ್ತಿಗೆಯ ಬಗ್ಗೆ ಹೈಕೋರ್ಟು ಟೀಕಿಸಿದಾಗ ಮತ್ತೆ ರಾಜೀನಾಮೆ ಕೊಟ್ಟರು. ಪಕ್ಷದವರ ಒತ್ತಾಯದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು.

ನ್ಯಾಯಾಲಯ ತಪ್ಪು ತೋರಿಸುತ್ತದೆ. ಹತ್ತಿರದವರು ಕುರ್ಚಿ ಬಿಡಬೇಡಿ ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಲಿ; ಆದರೆ ತನ್ನಿಂದ ಲಾಭ ಬಯಸದವರ ಮಾತಿಗೆ ಹೆಚ್ಚು ತೂಕ ಕೊಡಲಿ. ತೀರ್ಮಾನ ಮಾತ್ರ ತನ್ನದೇ. ‘ಅವರು ಹೇಳಿದರು, ನಾನು ಮಾಡಿದೆ’ ಎಂದು ಜಾರಿಕೊಳ್ಳಬಾರದು.

ನಮ್ಮ ಪಂಚಾಯತಿಗಳಲ್ಲೂ ಹಾಗೆಯೇ. ಗ್ರಾಮಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ. ಎದುರು ನಿಂತು ಸರಿ-ತಪ್ಪು ಹೇಳುವ ಜನರಿಲ್ಲದಿದ್ದರೆ ಒಳ್ಳೆಯ ಮುಂದಾಳೂ ದಾರಿ ತಪ್ಪಬಹುದು.